ಕರೆಮ್ಮ ಕೇಳಿದ ಎರಡು ದಿನ

ಹತ್ತು ನಿಮಿಷದ ಬೆಳಕಿಗೆ ಎರಡೂವರೆ ತಾಸಿನ ಪ್ರಯಾಣ. ಈ ಏರ್ಪಾಡು ಯಾವ ಜಾಣನ ತಲೆಗೆ ಹೊಳೆದಿತ್ತೋ, ಅದನ್ನು ಹೊತ್ತದ್ದು ಮಾತ್ರ ಕರೆಮ್ಮನ ಕಾಲುಗಳು. ಬೆಳಗಿನಿಂದ ಸಂಜೆಯವರೆಗೆ ಕಂಪ್ಲಿಯ ಗದ್ದೆಯ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚಬೇಕು. ಕಾಲುವೆಯಲ್ಲಿ ಕೈಕಾಲು ತೊಳೆದು, ಸೀಟು ಸಿಗದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೊಸಪೇಟೆಗೆ ಬರಬೇಕು. ಅಲ್ಲಿಂದ ಆಟೋ ಹಿಡಿದು ಚಿತ್ತವಾಡ್ಗಿಯ ಒಂದು ಕ್ಲಿನಿಕ್ಕಿಗೆ ಹೋಗಿ, ಒಳಕೋಣೆಯಲ್ಲಿ ಕೆಂಪು ದೀಪಗಳ ಹಲಗೆಗೆ ತೊಡೆ, ಮೀನಖಂಡ ಒಡ್ಡಿ ನಿಲ್ಲಬೇಕು. ಯಾಕೆ? ದಣಿವು ಹೋಗಲಿ ಅಂತ! ಆಮೇಲೆ ಮತ್ತದೇ ಬಸ್ಸು, ಮತ್ತದೇ ಕಂಬಿ.

ಬಾಗಿಲಿನಷ್ಟು ಎತ್ತರದ ಆ ಹಲಗೆಯಲ್ಲಿ ಅರ್ಧ ದೀಪಗಳು ಕೆಂಪಗೆ ಉರಿಯುತ್ತಿದ್ದವು, ಉಳಿದರ್ಧ ಆರಿದಂತೆ ಕಪ್ಪಗಿದ್ದವು. ಮೊದಲ ದಿನ ಕರೆಮ್ಮ, "ಅರ್ಧ ಬಲ್ಬು ಸುಟ್ಟಾವಲ್ರೀ ಮೇಡಂ" ಅಂದಿದ್ದಳು. ಕ್ಲಿನಿಕ್ಕಿನ ಫಿಸಿಯೋಥೆರಪಿ ಡಾಕ್ಟರು ಶೈಲಶ್ರೀ ನಕ್ಕು, "ಸುಟ್ಟಿಲ್ಲವ್ವಾ, ಅವೂ ಉರಿಯಾಕತ್ತಾವ. ಆ ಬೆಳಕು ನಮ್ಮ ಕಣ್ಣಿಗೆ ಕಾಣಂಗಿಲ್ಲ ಅಷ್ಟ. ಚರ್ಮ ದಾಟಿ ಒಳಗ ಹೋಗ್ತೈತಿ" ಎಂದು ಹೇಳಿದ್ದಳು. ಕರೆಮ್ಮ ನಂಬಿದಳು. ಸಾಹುಕಾರರು ಕೊಟ್ಟದ್ದರಲ್ಲಿ ಅರ್ಧ ಕಣ್ಣಿಗೆ ಕಾಣದಿರುವುದು ಅವಳಿಗೇನೂ ಹೊಸತಲ್ಲ.

ಅವತ್ತು ಜನವರಿಯ ಒಂದು ಮಂಗಳವಾರ, ಎರಡನೇ ಬೆಳೆಯ ನಾಟಿಯ ಕಾಲ. ಓಟ ಇದ್ದದ್ದು ಭಾನುವಾರ, ಹಂಪಿಯಲ್ಲಿ, ಇಪ್ಪತ್ತೊಂದು ಕಿಲೋಮೀಟರು. ಮೂವತ್ತೈದು ದಾಟಿದ ಹೆಂಗಸರಲ್ಲಿ ಮೊದಲಿಬ್ಬರು ಮೈಸೂರಿನ ರಾಜ್ಯಮಟ್ಟದ ಕೂಟಕ್ಕೆ ಹೋಗುತ್ತಾರೆ. ಕರೆಮ್ಮನಿಗೆ ಮೂವತ್ತಾರು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತಾಲೂಕಿಗೇ ಮೊದಲು ಬಂದು, ಜಿಲ್ಲೆಗೆ ಹೋಗುವ ಹಿಂದಿನ ವಾರ ನಾಟಿ ಶುರುವಾಗಿ, ಶಾಲೆ ಬಿಟ್ಟು ಗದ್ದೆಗೆ ಇಳಿದವಳು. ಇಪ್ಪತ್ತೊಂದು ವರ್ಷದ ಮೇಲೆ ಮತ್ತೊಂದು ಬಾಗಿಲು ತೆರೆದಿತ್ತು. ಈ ಸಲ ಅದನ್ನು ದಾಟಲೇಬೇಕು ಎಂದು ಅವಳು ಹಲ್ಲು ಕಚ್ಚಿದ್ದಳು.

ಶೈಲಶ್ರೀ ಅವಳ ಮೀನಖಂಡ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದಳು. "ಕಲ್ಲಾಗೈತಲ್ಲವ್ವಾ ಇದು. ಇವತ್ತೂ ನಾಟಿ ಇತ್ತೇನು?"

"ಯಾವತ್ತ ಇರಂಗಿಲ್ಲ ಹೇಳ್ರಿ. ಮುಂಜಾನಿ ಆರಕ್ಕ ಇಳದ್ರ ಸಂಜೀ ಐದಕ್ಕ ಏಳೋದು."

"ಶನಿವಾರ ತನಕಾನೂ?"

"ಶನಿವಾರ ತನಕಾನೂ."

ಕೋಣೆಯ ಮೂಲೆಯಲ್ಲಿ ಮೆತ್ತನೆ ಕುರ್ಚಿಯಲ್ಲಿ ಒರಗಿದ್ದವನು ಈಶ್ವರ್. ಕಂಪ್ಲಿಯ ಅಕ್ಕಿ ಗಿರಣಿ ಮತ್ತು ಮೂವತ್ತು ಎಕರೆ ಗದ್ದೆಯ ವಾರಸುದಾರ. ಹೊಸಪೇಟೆಯ ಓಟಗಾರರ ಗುಂಪು 'ಹೆಜ್ಜೆ ಬಳಗ'ದ ಅಧ್ಯಕ್ಷನೂ ಅವನೇ, ಆ ಕೆಂಪು ಹಲಗೆಯನ್ನು ಜುಲೈನಲ್ಲಿ ಡೆಲ್ಲಿಯಿಂದ ತರಿಸಿ ಕ್ಲಿನಿಕ್ಕಿನಲ್ಲಿ ಹಾಕಿಸಿದವನೂ ಅವನೇ. ಕರೆಮ್ಮನನ್ನು ಕಂಡುಹಿಡಿದವನೂ ತಾನೇ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಕಂಡುಹಿಡಿದದ್ದು ಹೇಗೆಂದರೆ, ಒಂದು ಬೆಳಗ್ಗೆ ಅವನು ಬಣ್ಣದ ಬೂಟು ಹಾಕಿ ಕಾಲುವೆ ದಾರಿಯಲ್ಲಿ ಓಡುತ್ತಿದ್ದಾಗ, ಕೂಲಿ ಹೆಂಗಸರ ಟ್ರ್ಯಾಕ್ಟರು ತಪ್ಪಿಹೋದೀತೆಂದು ಬರಿಗಾಲಲ್ಲಿ, ಕೈಯಲ್ಲಿ ಬುತ್ತಿ ಹಿಡಿದು ಓಡುತ್ತಿದ್ದ ಕರೆಮ್ಮ ಅವನನ್ನು ಹಿಂದೆ ಹಾಕಿ ಹೋಗಿಬಿಟ್ಟಿದ್ದಳು. ಅದಕ್ಕೂ ಮುಂಚೆ ಎಂಟು ವರ್ಷ ಅವಳು ಅವನದೇ ಗದ್ದೆಯಲ್ಲಿ ಬಗ್ಗಿದ್ದಳು. ಆಗ ಕಂಡಿರಲಿಲ್ಲ.

ಶೈಲಶ್ರೀ ಅವನ ಕಡೆ ತಿರುಗಿದಳು. "ಈಶ್ವರ್, ಈಕಿಗೆ ಶುಕ್ರವಾರ, ಶನಿವಾರ ಎರಡು ದಿನ ಆದ್ರೂ ರಜಾ ಬೇಕ್ರಿ. ಸಂಡೂರಾಗ ಏನಾತು ನೋಡೀರಲ್ಲ."

ಸಂಡೂರಿನಲ್ಲಿ ಆದದ್ದು ಇಷ್ಟು. ಆಗಸ್ಟ್‌ನಲ್ಲಿ ಅಲ್ಲಿನ ಗುಡ್ಡದ ಓಟಕ್ಕೆ ಕರೆಮ್ಮ ಹಿಂದಿನ ಸಂಜೆಯವರೆಗೂ ನಾಟಿ ಹಚ್ಚಿ ಹೋಗಿದ್ದಳು. ಆರು ಕಿಲೋಮೀಟರು ಎಲ್ಲರಿಗಿಂತ ಮುಂದಿದ್ದವಳ ಕಾಲು ಏಳನೆಯದರಲ್ಲಿ ಮಾತು ಕೇಳಲಿಲ್ಲ. ನಾಲ್ಕನೆಯವಳಾದಳು.

ಈಶ್ವರ್ ಕೈಗಡಿಯಾರದಲ್ಲಿ ಏನೋ ಒತ್ತುತ್ತ ಹೇಳಿದ: "ರಜಾ ಗಿಜಾ ನಮ್ಮವ್ವನ ಡಿಪಾರ್ಟ್‌ಮೆಂಟು ಮೇಡಂ. ನಂದು ರಿಕವರಿ ಡಿಪಾರ್ಟ್‌ಮೆಂಟು. ಕರೆಮ್ಮ, ನೀ ಇನ್ನೈದು ನಿಮಿಷ ಜಾಸ್ತಿ ನಿಂದ್ರು."

"ಜಾಸ್ತಿ ನಿಂತ್ರ ಜಾಸ್ತಿ ಉಪಯೋಗ ಅಂತೇನಿಲ್ರಿ," ಶೈಲಶ್ರೀಯ ದನಿ ಏರಿತು. "ಇದರ ಮ್ಯಾಲ ಇನ್ನೂ ಪರೀಕ್ಷೆ ನಡದಾವ. ಓಡೋಕಿಂತ ಮುಂಚೆ ಹಾಕ್ಕೊಂಡ್ರ ಕೆಲವ್ರಿಗೆ ದಣಿವು ಒಂದೀಟು ಕಮ್ಮಿ ಆಗೈತಿ, ಕೆಲವ್ರಿಗೆ ಏನೂ ಆಗಿಲ್ಲ. ನಿದ್ದಿ, ಊಟ, ವಿಶ್ರಾಂತಿ ಎಲ್ಲಾ ಆದ ಮ್ಯಾಲ ಇದು ಉಪ್ಪಿನಕಾಯಿ ಇದ್ದಂಗ. ಎಲಿ ತುಂಬ ಬರೀ ಉಪ್ಪಿನಕಾಯಿ ಬಡಿಸಿ ಊಟ ಮಾಡು ಅಂದ್ರ ಹೆಂಗ್ರಿ?"

"ನೀವು ಭಾಳ ನೆಗೆಟಿವ್ ಮೇಡಂ," ಎಂದು ಈಶ್ವರ್ ನಕ್ಕ.

ಅವನ ತಲೆಯ ಮೇಲೆಯೇ ಗೋಡೆಯಲ್ಲಿ ಬಳಗದವರು ಅಂಟಿಸಿದ ಚೀಟಿ ಇತ್ತು. 'ಓಟದ ಹಿಂದಿನ ವಾರ ವಿಶ್ರಾಂತಿಯೇ ತರಬೇತಿ. ಭಾರ ಎತ್ತಬೇಡಿ, ಹೆಚ್ಚು ಹೊತ್ತು ನಿಲ್ಲಬೇಡಿ, ಮಧ್ಯಾಹ್ನ ಮಲಗಿ.' ಒಂಬತ್ತನೇ ಕ್ಲಾಸು ಓದಿದ ಕರೆಮ್ಮ ಅದನ್ನು ಆರು ತಿಂಗಳಿನಿಂದ ಓದುತ್ತಲೇ ಇದ್ದಳು. ಭಾನುವಾರ ತಾನೂ ಓಡುವವನಿದ್ದ ಈಶ್ವರ್ ಅದನ್ನು ಅಕ್ಷರಶಃ ಪಾಲಿಸುತ್ತಿದ್ದ. ಎಂಟು ದಿನದಿಂದ ಗಿರಣಿ ಕಡೆ ತಲೆ ಹಾಕಿರಲಿಲ್ಲ. ಅವಳಿಗೆ ಬಂದ ಸಿಟ್ಟಿಗೆ ಹೆಸರಿಡುವುದು ಕಷ್ಟ. ಆ ಚೀಟಿ ಬರೆದದ್ದು ಮನುಷ್ಯರಿಗೆ, ನಿನಗಲ್ಲ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗೆ ಆಯಿತು.

ಮರುದಿನ ಗದ್ದೆಯ ಬದುವಿನ ಮೇಲೆ ಈಶ್ವರನ ತಾಯಿ ಮುದುಕಮ್ಮ ಬಂದು ಕುರ್ಚಿ ಹಾಕಿಸಿಕೊಂಡಾಗ ಕರೆಮ್ಮ ಕೆಸರಿನಿಂದೆದ್ದು ಹೋಗಿ ನಿಂತಳು. ಎಪ್ಪತ್ತರ ಹತ್ತಿರದ ಮುದುಕಮ್ಮ ವಿಭೂತಿ ಹಚ್ಚಿದ ಹಣೆಯ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದಳು. ಹೊಲಮನೆಯ ಯಜಮಾನಿಕೆಯೆಲ್ಲ ಅವಳದೇ.

"ಅಮ್ಮಾರ, ಶುಕ್ರವಾರ, ಶನಿವಾರ ನನಗ ರಜಾ ಬೇಕಾಗಿತ್ರಿ. ಐತವಾರ ಓಟ ಐತಿ."

"ಕಾಲವಿ ನೀರಿನ ಸರದಿ ಸೋಮವಾರ ಮುಗೀತೈತಿ. ಅಷ್ಟರಾಗ ನಾಟಿ ಮುಗೀಬೇಕು. ಬದಲಾಳು ಕೊಟ್ಟು ಹೋಗು."

"ಎಲ್ಲಾರ ಗದ್ದ್ಯಾಗೂ ನಾಟಿ ನಡದೈತ್ರಿ. ಬದಲಾಳು ಎಲ್ಲಿ ಸಿಗ್ತಾರ? ಊರೆಲ್ಲಾ ಅಡ್ಡಾಡಿ ಬಂದೀನಿ."

"ಸಿಗದಿದ್ರ ನಾ ಏನ್ಮಾಡ್ಲಿ? ಸಸಿ ಕಟ್ಟು ಹಿಡದಾಕಿ ಪಟ್ಟಿ ಮುಗಿಸಬೇಕು. ಇದು ನಮ್ಮತ್ತಿ ಕಾಲದ ಮಾತು. ಅರ್ಧ ಬಿಟ್ಟ ಪಟ್ಟಿ ಜೊಳ್ಳು ಹಿಡೀತೈತಿ."

ಆ ಗದ್ದೆಗಳ ಕಟ್ಟಳೆ ಅದು. ನಾಟಿಯ ದಿನ ಗದ್ದೆಗೆ ಹಗ್ಗ ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಎಂದು ಉದ್ದಕ್ಕೆ ಭಾಗ ಮಾಡುತ್ತಾರೆ. ಪಟ್ಟಿಯಲ್ಲಿ ಸಸಿಯ ಕಟ್ಟನ್ನು ಕೈಗೆ ತೆಗೆದುಕೊಂಡವರು ಅದನ್ನು ಕೊನೆ ಮುಟ್ಟಿಸಬೇಕು, ಇಲ್ಲವೇ ಇನ್ನೊಬ್ಬರು ಬಂದು ಅದೇ ಪಟ್ಟಿಯಲ್ಲಿ ಕಟ್ಟು ಹಿಡಿಯಬೇಕು. ಮುದುಕಮ್ಮನ ಹಿರೇ ಗದ್ದೆ ಎಷ್ಟು ಉದ್ದವೆಂದರೆ ಬುಧವಾರ ಹಿಡಿದ ಪಟ್ಟಿ ಶನಿವಾರ ಸಂಜೆಗೆ ಮುಗಿಯುವಂಥದ್ದು. ಹೇಳದೆ ತಪ್ಪಿಸಿಕೊಂಡರೆ ಇಡೀ ಗುಂಪಿಗೇ ಮುಂದಿನ ಗದ್ದೆಯ ನಾಟಿ ತಪ್ಪುತ್ತದೆ. ಹನ್ನೊಂದು ಹೆಂಗಸರ ಕೂಳಿಗೆ ಕಲ್ಲು ಹಾಕಿ ಓಡಲು ಕರೆಮ್ಮನಿಗೆ ಮನಸ್ಸಿರಲಿಲ್ಲ.

ಇಷ್ಟಕ್ಕೇ ಮಾತು ನಿಂತಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮುದುಕಮ್ಮ ಎಲೆಅಡಿಕೆ ಬಾಯಿಗಿಡುತ್ತ ಇನ್ನೊಂದು ಮಾತು ಸೇರಿಸಿದಳು.

"ಅಲ್ಲಲೇ ಕರಿಯವ್ವಾ, ನನ ಮಗ ಅಷ್ಟು ಖರ್ಚು ಮಾಡಿ ಲೈಟು ತರಿಸ್ಯಾನ. ಅದರ ಮುಂದ ನಿಂತ್ರ ದಣಿವೆಲ್ಲಾ ಹೋಗ್ತೈತಂತ. ದಣಿವ ಇಲ್ಲಂದ ಮ್ಯಾಲ ರಜಾ ಯಾಕ ನಿನಗ?"

ಹೌದಲ್ಲ! ಎಂಥ ಮಾತು! ಕೊಡಬೇಕಾದ್ದನ್ನು ಕೊಡದಿರಲು ಆ ಬೆಳಕೇ ನೆಪವಾಗಿತ್ತು. ನಾಳೆ ಇನ್ನೂ ಒಂದು ದೀಪ ತಂದು, ಇದರ ಮುಂದೆ ನಿಂತರೆ ಹಸಿವೂ ಹೋಗುತ್ತದೆ, ಬುತ್ತಿ ಯಾಕೆ ಎಂದು ಕೇಳಿದರೂ ಕೇಳಿಯಾರು. ಕರೆಮ್ಮ ತಿರುಗಿ ಬಂದು ಕೆಸರಿಗಿಳಿದು, ಸಸಿಗಳನ್ನು ಮಣ್ಣಿಗೆ ಒತ್ತಿದ ರಭಸಕ್ಕೆ ಪಕ್ಕದ ಪಟ್ಟಿಯವಳ ಸೀರೆಯೆಲ್ಲ ಸಿಡಿದ ಕೆಸರು.

"ಸಸಿ ಏನ್ ಮಾಡ್ಯಾವಲೇ ನಿನಗ? ಮೆಲ್ಲಕ ಹಚ್ಚು," ಅಂದಳು ದುರ್ಗಕ್ಕ. ಗುಂಪಿನ ಮೇಸ್ತ್ರಿ ಅವಳೇ, ಐವತ್ತು ದಾಟಿದ ಗಟ್ಟಿ ಹೆಂಗಸು. ಮುದುಕಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಈಶ್ವರ್ ಕಾರು ತಂದು, ತಾಯಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಬದುವಿನ ಹತ್ತಿರ ನಿಲ್ಲಿಸಿದ. ಜೊತೆಗೆ ಕ್ಯಾಮೆರಾದವನು. ಓಟದ ದಿನ ವೇದಿಕೆಗೆ ದೊಡ್ಡ ಬ್ಯಾನರು ಬೇಕಂತೆ. 'ಕೆಸರಿನಿಂದ ಪದಕದವರೆಗೆ' ಎಂದು ಮೇಲೆ ಬರೆದು, ಕೆಳಗೆ ಕೆಂಪು ಬೆಳಕಿನ ಚಿತ್ರ, ನಡುವೆ ಗದ್ದೆಯಲ್ಲಿ ನಿಂತ ಕರೆಮ್ಮ ಮತ್ತು ಅವಳ ಮಾರ್ಗದರ್ಶಕ. ಮಾರ್ಗದರ್ಶಕ ಎಂದರೆ ಯಾರು ಎಂದು ಕೇಳಬೇಕಾಗಿಲ್ಲ.

ಅವನು ಪ್ಯಾಂಟು ಮೊಣಕಾಲಿಗೆ ಮಡಚಿ, ಅಯ್ಯಯ್ಯೋ ತಣ್ಣಗೈತಿ ಎಂದು ನಗುತ್ತ ಕರೆಮ್ಮನ ಪಟ್ಟಿಗಿಳಿದ. ಕ್ಯಾಮೆರಾದವನು, "ಸರ್, ಕೈಯಾಗ ಏನಾರ ಹಿಡಕೊಳ್ರಿ, ನ್ಯಾಚುರಲ್ ಆಗಿ ಬರ್ತೈತಿ" ಎಂದ. ಈಶ್ವರ್ ಬಗ್ಗಿ, ನೀರಲ್ಲಿ ತೇಲುತ್ತಿದ್ದ ಸಸಿಯ ಕಟ್ಟೊಂದನ್ನು ಎತ್ತಿ ಎದೆಗೆ ಹಿಡಿದು ಹಲ್ಲು ತೋರಿಸಿದ. ಕ್ಯಾಮೆರಾ ನಾಲ್ಕೈದು ಸಲ ಮಿಟುಕಿತು.

ಗದ್ದೆಯಲ್ಲಿ ಹನ್ನೊಂದು ಬೆನ್ನುಗಳು ಒಟ್ಟಿಗೆ ನೆಟ್ಟಗಾದವು.

"ಸಾವ್ಕಾರ್ರ," ದುರ್ಗಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು, "ಕಟ್ಟು ಹಿಡದ್ರಲ್ರಿ."

"ಹಿಡದೆ. ಯಾಕ?"

"ಕರೆಮ್ಮನ ಪಟ್ಟ್ಯಾಗ ನಿಂತು ಹಿಡದ್ರಿ. ಕಟ್ಟು ಹಿಡದೋರು ಪಟ್ಟಿ ಮುಗಿಸಬೇಕು. ಆಕಿಗೆ ಬದಲಾಳು ಸಿಕ್ಕಂಗಾತು. ಕರೆಮ್ಮಾ, ನೀ ಮ್ಯಾಲ ಏಳು."

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಈಶ್ವರನೂ ನಕ್ಕ. ನಗು ಮುಗಿದ ಮೇಲೂ ದುರ್ಗಕ್ಕ ಹಾಗೇ ನಿಂತಿದ್ದಳು. ಅವನು ಬದುವಿನ ಮೇಲೆ ಕೂತ ತಾಯಿಯ ಕಡೆ ನೋಡಿದ. ಮುದುಕಮ್ಮನ ಬಾಯಲ್ಲಿ ಎಲೆಅಡಿಕೆ ನಿಂತುಹೋಗಿತ್ತು. ಮಗ ಕಟ್ಟು ಹಿಡಿದದ್ದನ್ನು ಅವಳೂ ಕಣ್ಣಾರೆ ಕಂಡಿದ್ದಳು. ಆಟಕ್ಕೆ ಹಿಡಿದದ್ದು ಎಂದು ಬಿಟ್ಟುಬಿಡೋಣವೆಂದರೆ ಜೊಳ್ಳಿನ ಭಯ. ನಲವತ್ತು ವರ್ಷ ಬೇರೆಯವರ ಮೇಲೆ ಹೇರಿದ ಮಾತು ತನ್ನ ಮನೆಯ ಬಾಗಿಲಿಗೇ ಬಂದು ನಿಂತಿತ್ತು.

"ಹಿಡೀಬಾರದಿತ್ತು ನೀನು," ಎಂದಳು ಮುದುಕಮ್ಮ ಕೊನೆಗೆ. "ಹಿಡದಿ. ಹಚ್ಚು."

ಈಶ್ವರನಿಗೆ ಛಲ ಬಂತು. ಕ್ಯಾಮೆರಾದವನು ಬೇರೆ ನೋಡುತ್ತಿದ್ದ. "ಆತು ಬಿಡ್ರಿ! ನಲವತ್ತೆರಡು ಕಿಲೋಮೀಟರು ಓಡಿದ ಕಾಲಿವು. ಇದೇನ್ ಮಹಾ?"

ಅದೇನು ಮಹಾ ಎಂಬುದು ಅವನಿಗೆ ಅರ್ಧ ತಾಸಿನಲ್ಲಿ ತಿಳಿಯಿತು. ಓಟದಲ್ಲಿ ಕಾಲು ಎತ್ತಿಟ್ಟಲ್ಲಿ ನೆಲವಿರುತ್ತದೆ. ಇಲ್ಲಿ ಕೆಸರು ಪಾದ ಹಿಡಿದು ಎಳೆಯುತ್ತದೆ. ಅದೂ ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡಬೇಕು. ಎರಡು ಗಂಟೆಗೆ ಅವನ ನಗು ಹೋಯಿತು. ಮೂರಕ್ಕೆ ಮಾತು ಹೋಯಿತು. ಅವನು ಹಚ್ಚಿದ ಸಸಿಗಳು ಅರ್ಧ ತೇಲುತ್ತಿದ್ದವು, ದುರ್ಗಕ್ಕ ಹಿಂದೆಯೇ ಬಂದು ಅವನ್ನು ಮತ್ತೆ ಒತ್ತುತ್ತಿದ್ದಳು. ನಾಲ್ಕು ಗಂಟೆಗೆ ಅವನು ಸೊಂಟ ಹಿಡಿದು, ಯಾರ ಮುಖವನ್ನೂ ನೋಡದೆ ಬದು ಹತ್ತಿ, ಕಾರಿನ ಬಾಗಿಲಿಗೆ ಆತುಕೊಂಡು ನಿಂತುಬಿಟ್ಟ. ಮೂರು ತಾಸು. ಹೆಂಗಸರ ಒಂದು ದಿನದ ಕಾಲು ಭಾಗ.

ಕರೆಮ್ಮ ಬದುವಿನ ಮೇಲೆ ಕೂತು ಎಲ್ಲ ನೋಡಿದಳು. ನಗು ಬಂತು, ಆದರೆ ಬಾಳಿಕೆ ಬರಲಿಲ್ಲ. ಯಾಕೆಂದರೆ ಶುಕ್ರವಾರ ಬೆಳಗ್ಗೆ ಐದೂಮುಕ್ಕಾಲಿಗೇ ಆ ಪಟ್ಟಿಯಲ್ಲಿ ಗಿರಣಿಯ ಇಬ್ಬರು ಹಮಾಲರು ನಿಂತಿದ್ದರು, ಪೂರಾ ಕೂಲಿಗೆ. ಅವರಲ್ಲೊಬ್ಬ ಅವಳ ಗಂಡ ಉಚ್ಚೆಂಗೆಪ್ಪನೇ! ಊರೆಲ್ಲ ಅಲೆದರೂ ಕರೆಮ್ಮನಿಗೆ ಸಿಗದ ಬದಲಾಳು, ಸಾಹುಕಾರನ ಸೊಂಟ ನೊಂದ ರಾತ್ರಿ ಕಳೆಯುವಷ್ಟರಲ್ಲಿ ಒಬ್ಬರಿಗೆ ಇಬ್ಬರಾಗಿ ಸಿಕ್ಕಿದ್ದರು. ಆಳುಗಳು ಇದ್ದರು, ಮೊದಲಿನಿಂದಲೂ ಇದ್ದರು. ಅವಳಿಗೆ ಕೊಡುವ ಮನಸ್ಸು ಸಾಹುಕಾರರಿಗೆ ಇರಲಿಲ್ಲ, ಅಷ್ಟೆ. ಇದು ತಿಳಿದ ಗಳಿಗೆಯಲ್ಲಿ ಅವಳಿಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಏನೇ ಆಗಲಿ, ಎರಡು ದಿನ ಸಿಕ್ಕಿತ್ತು. ಕೂರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಶುಕ್ರವಾರ ಬೆಳಗ್ಗೆ ಪಾತ್ರೆ ತೊಳೆದಳು, ಕೂತಳು, ಎದ್ದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಸಂಜೆ ಬೆಳಕಿಗೆ ಬರಲೇ ಎಂದು ಶೈಲಶ್ರೀಗೆ ಫೋನು ಮಾಡಿದರೆ, "ಬಸ್ಸಿನ್ಯಾಗ ನಿಂತು ಬರೋದು ಬ್ಯಾಡವ್ವಾ. ಉಂಡು ಮಕ್ಕೋ" ಎಂದು ಬೈದಳು. ಮಧ್ಯಾಹ್ನ ಚಾಪೆ ಹಾಸಿ ಸುಮ್ಮನೆ ಒರಗಿದವಳು ಕಣ್ಣು ಬಿಟ್ಟಾಗ ಸಂಜೆ ಐದೂವರೆ. ಸತ್ತವಳಂತೆ ಮಲಗಿದ್ದೆನಲ್ಲ ಎಂದು ಗಾಬರಿಯಾದಳು. ಕಾಲು ಮುಟ್ಟಿ ನೋಡಿಕೊಂಡಳು. ಮೆತ್ತಗಾಗಿದ್ದವು. ಅವು ತನ್ನ ಕಾಲೇ ಹೌದೋ ಅಲ್ಲವೋ ಎನ್ನುವಷ್ಟು ಮೆತ್ತಗೆ.

ಉಚ್ಚೆಂಗೆಪ್ಪ ಆ ಸಂಜೆ ಗೋಡೆ ಹಿಡಿದು ಮನೆಯೊಳಗೆ ಬಂದ. ಐವತ್ತು ಕೇಜಿ ಚೀಲ ಹೊರುವ ಗಂಡಸು. "ಇಷ್ಟು ವರ್ಷ ಇದನ್ನ ಮಾಡಿ ಬಂದು ಅಡಿಗಿ ಮಾಡ್ತಿದ್ದೇನು ನೀನು?" ಎಂದು ಕೇಳಿದ. ಅವನೇ ಒಲೆ ಹಚ್ಚಿದ.

ಭಾನುವಾರ ಬೆಳಗ್ಗೆ ಕಮಲಾಪುರದ ಮೈದಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಶೈಲಶ್ರೀ ಬಳಗದ ವ್ಯಾನಿನಲ್ಲಿ ಸಣ್ಣ ಹಲಗೆಯೊಂದನ್ನು ತಂದಿದ್ದಳು. ಓಟಕ್ಕೆ ಮುಂಚೆ ಕರೆಮ್ಮನ ತೊಡೆಗೆ ಹತ್ತು ನಿಮಿಷ ಬೆಳಕು ಹಿಡಿದಳು. "ಹಾಕಬೇಕಾದ ಹೊತ್ತು ಇದು. ಪವಾಡ ಅಂತ ತಿಳೀಬ್ಯಾಡ. ಕಾಲು ನಿಂದು, ಓಡಾಕೀನೂ ನೀನ." ಈಶ್ವರ್ ಟ್ರ್ಯಾಕ್ ಸೂಟಿನಲ್ಲಿ ಬಂದಿದ್ದ, ಆದರೆ ಎದೆಗೆ ನಂಬರು ಇರಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಮೂರು ಸಂಜೆಯೂ ನಲವತ್ತು ನಲವತ್ತು ನಿಮಿಷ ಕೆಂಪು ಹಲಗೆಯ ಮುಂದೆ ನಿಂತಿದ್ದನಂತೆ. ವ್ಯಾನಿನ ಮೆಟ್ಟಿಲು ಇಳಿಯುವಾಗ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಕಾಲು ಇಳಿಸಿದ.

ಕರೆಮ್ಮ ಓಡಿದಳು. ಹಂಪಿಯ ಬಂಡೆಗಳ ನಡುವಿನ ದಾರಿ, ಕಡ್ಡಿರಾಂಪುರದ ಬಾಳೆತೋಟದ ಪಕ್ಕದ ತಿರುವು, ಎಲ್ಲ ಹಿಂದೆ ಸರಿದವು. ಏಳನೇ ಕಿಲೋಮೀಟರಿನಲ್ಲಿ ಸಂಡೂರು ನೆನಪಾಯಿತು. ಕಾಲಿಗೆ ಏನೂ ಆಗಲಿಲ್ಲ. ಹದಿನಾಲ್ಕರಲ್ಲೂ ಆಗಲಿಲ್ಲ. ಕೊನೆಯ ಮೂರು ಕಿಲೋಮೀಟರಿನಲ್ಲಿ ಇಬ್ಬರು ಹೆಂಗಸರು ಮುಂದೆ ಇದ್ದರು. ಒಬ್ಬಳನ್ನು ಹಿಂದೆ ಹಾಕಿದಳು, ಇನ್ನೊಬ್ಬಳು ಸಿಗಲಿಲ್ಲ. ಎರಡನೆಯವಳಾಗಿ ಗೆರೆ ದಾಟಿ, ನೆಲಕ್ಕೆ ಕೂತು, ಯಾರಿದ್ದಾರೆ ಬಿಟ್ಟಿದ್ದಾರೆ ನೋಡದೆ ಜೋರಾಗಿ ಅತ್ತಳು. ಮೈಸೂರು ಅವಳದಾಗಿತ್ತು.

ವೇದಿಕೆಯ ಹಿಂದೆ ಬ್ಯಾನರು ಹಾರುತ್ತಿತ್ತು. ಕೆಸರಿನಲ್ಲಿ ನಿಂತು ಸಸಿ ಹಿಡಿದು ನಗುತ್ತಿದ್ದ ಈಶ್ವರ್ ಅದರ ಮುಕ್ಕಾಲು ಭಾಗ ತುಂಬಿದ್ದ, ಕರೆಮ್ಮ ಒಂದು ಅಂಚಿಗಿದ್ದಳು. ಪದಕ ಹಾಕಿದ ಮೇಲೆ ನಿರೂಪಣೆ ಮಾಡುತ್ತಿದ್ದ ಹುಡುಗಿ ಕೈಯಲ್ಲಿದ್ದ ಕಾಗದ ನೋಡಿಕೊಂಡು ಓದಿದಳು: "ಒಬ್ಬ ಕೃಷಿ ಕಾರ್ಮಿಕ ಮಹಿಳೆಯ ಈ ಸಾಧನೆಯ ಹಿಂದಿರುವ ರಹಸ್ಯ, ಕೆಂಪು ಬೆಳಕಿನ ಚಿಕಿತ್ಸೆ! ಕರೆಮ್ಮ ಅವರೇ, ಬೆಳಕು ನಿಮ್ಮ ಬದುಕನ್ನು ಹೇಗೆ ಬದಲಾಯಿಸಿತು? ಎರಡು ಮಾತು."

ಕರೆಮ್ಮ ಮೈಕು ತೆಗೆದುಕೊಂಡಳು.

"ಎಲ್ಲಾರಿಗೂ ನಮಸ್ಕಾರ್ರಿ. ಬೆಳಕಿನ ಮ್ಯಾಲ ನನಗ ಸಿಟ್ಟಿಲ್ಲ. ಮುಂಜಾನೇನೂ ಹಾಕ್ಕೊಂಡೀನಿ, ಬೆಚ್ಚಗ ಚಲೋ ಇತ್ತು. ಆದ್ರ ಸಂಡೂರಾಗ ಓಡಿದಾಗ್ಲೂ ಇದ ಬೆಳಕು ಇತ್ತು. ಆವಾಗ ನಾಟಿ ಹಚ್ಚಿ ಬಂದು ಓಡಿದೆ, ನಾಕನೇದಾಕಿ ಆದೆ. ಈ ಸಲ ಎರಡು ದಿನ ಉಂಡು ಮಕ್ಕೊಂಡು ಬಂದೀನಿ. ಬದಲಾಗಿದ್ದು ಅದೊಂದ. ಆ ಎರಡು ದಿನಾನೂ ಯಾರೂ ನನಗ ಕೊಡ್ಲಿಲ್ಲ. ನಮ್ಮ ದುರ್ಗಕ್ಕ ಕಸಗೊಂಡು ಕೊಟ್ಟಾಳ. ಆಕಿ ಇಲ್ಲಿಗೆ ಬಂದಿಲ್ರಿ. ಐತವಾರ ಆದ್ರೂ ಗದ್ದ್ಯಾಗ ಬಗ್ಗ್ಯಾಳ."

ಅಲ್ಲಲ್ಲಿ ಚಪ್ಪಾಳೆ ಬಿತ್ತು. ಈಶ್ವರ್ ಅವಸರದಿಂದ ವೇದಿಕೆ ಹತ್ತಿದ. ಅವಸರವೆಂದರೆ ಅವನ ಸೊಂಟ ಬಿಟ್ಟಷ್ಟು. ಪಕ್ಕದಲ್ಲಿ ನಿಂತು ನಗು ತಂದುಕೊಂಡು, "ಮೈಸೂರಿಗೆ ನಮ್ಮ ಕಾರಿನ್ಯಾಗ ಕರ್ಕೊಂಡು ಹೋಗ್ತೀವಿ, ಲೈಟೂ ಜೊತಿಗೇ ಒಯ್ತೀವಿ" ಎಂದು ಹೇಳಿ ಮೈಕಿಗೆ ಕೈ ಚಾಚಿದ. ಕರೆಮ್ಮ ಬಿಡಲಿಲ್ಲ.

"ಸಾವ್ಕಾರ್ರ, ಮೈಸೂರಿಗೆ ಇನ್ನಾ ಇಪ್ಪತ್ತು ದಿನ ಐತಿ. ಅಷ್ಟರಾಗ ನಿಮ್ಮ ಕೆಳಗಿನ ಗದ್ದೀ ನಾಟಿ ಬರ್ತೈತಿ. ನನಗ ರಜಾ ಎಷ್ಟು ದಿನ? ಇಲ್ಲೇ ಹೇಳ್ರಿ." ಎಂದು ಮೈಕನ್ನು ಅವನ ಬಾಯಿಗೆ ಹಿಡಿದಳು.

"ಅದು... ಅಮ್ಮನ್ನ ಕೇಳಿ..." ಧ್ವನಿವರ್ಧಕ ಅದನ್ನು ಮೈದಾನಕ್ಕೆಲ್ಲ ಹಂಚಿತು. ಓಟಗಾರರ ನಡುವಿನಿಂದ ಯಾರೋ ಗೊಳ್ಳೆಂದರು, ನಗು ಹಬ್ಬಿತು.

ಕರೆಮ್ಮ ನಗಲಿಲ್ಲ. "ಅಮ್ಮಾರನ್ನ ಕೇಳೀನ್ರಿ. ಲೈಟು ಐತಲ್ಲ, ರಜಾ ಯಾಕ ಅಂದ್ರು. ಈಗ ನಿಮ್ಮನ್ನ ಕೇಳಾಕತ್ತೀನಿ. ಗುರುವಾರ ಮೂರು ತಾಸು ನೀವೂ ಬಗ್ಗೀರಿ. ಲೈಟಿನ ಮುಂದೂ ನಿಂತೀರಿ. ಹೋತೇನ್ರಿ ನೋವು?"

ಸಾವಿರ ಜನ ನೋಡುತ್ತಿದ್ದರು. ಈಶ್ವರ್ ಒಂದು ಸಲ ಶೈಲಶ್ರೀಯ ಕಡೆ, ಒಂದು ಸಲ ಬ್ಯಾನ‌ರಿನ ಕಡೆ ನೋಡಿದ. ಸೊಂಟದ ಮೇಲಿದ್ದ ಕೈಯನ್ನು ತೆಗೆಯಲು ಮರೆತಿದ್ದ.

"ಇಲ್ಲ," ಎಂದ. ಮೆಲ್ಲಗೇ ಎಂದ, ಆದರೂ ಎಲ್ಲರಿಗೂ ಕೇಳಿಸಿತು. "ಐದು ದಿನ ತಗೋ. ಓಟಕ್ಕ ಮುಂಚೆ ಐದು ದಿನ. ಕೂಲಿ ಕಟ್ ಮಾಡಂಗಿಲ್ಲ."

"ಎಲ್ಲಾರೂ ಕೇಳೀರಲ್ರಿ?" ಎಂದು ಕರೆಮ್ಮ ಮೈದಾನಕ್ಕೆ ಕೇಳಿದಳು.

"ಕೇಳೀವಿ!" ಎಂದು ಮೈದಾನ ಕೂಗಿತು. ಈ ಸಲದ ಚಪ್ಪಾಳೆ ಅಲ್ಲಲ್ಲಿ ಬೀಳಲಿಲ್ಲ.

ಅವಳು ಮೈಕು ಕೊಟ್ಟು ಇಳಿದು ಬಂದು, ಶೈಲಶ್ರೀಯ ಫೋನು ಇಸಕೊಂಡು ದುರ್ಗಕ್ಕನಿಗೆ ಹಚ್ಚಿದಳು. ಆ ಕಡೆ ಕೆಸರು ಕಲಕುವ ಸಪ್ಪಳ, ಹೆಂಗಸರ ಮಾತು.

"ದುರ್ಗಕ್ಕಾ, ಎರಡನೇದಾಕಿ ಆದೆ. ಮೈಸೂರಿಗೆ ಹೊಂಟೀನಿ. ಸಾವ್ಕಾರ್ರು ಎಲ್ಲಾರ ಮುಂದ ಐದು ದಿನ ರಜಾ ಅಂದ್ರು, ಕೂಲಿ ಸಮೇತ!"

"ಅಯ್ ನನ ಬಂಗಾರ!" ದುರ್ಗಕ್ಕ ಗದ್ದೆಯ ಕಡೆ ತಿರುಗಿ ಕೂಗಿ ಹೇಳಿದ್ದು ಕೇಳಿಸಿತು. ಅಲ್ಲಿ ಹೋ ಎಂದು ಗದ್ದಲವೆದ್ದಿತು. ಆಮೇಲೆ ಅವಳು ಫೋನಿಗೆ ಬಾಯಿ ತಂದು, ಸಂತೋಷದ ದನಿಯಲ್ಲೇ ಕೇಳಿದಳು, "ನಮ್ಮ ಮಂದಿಗೆ ಎಷ್ಟು ದಿನ ಅಂದ್ರವ್ವಾ?"

ಕರೆಮ್ಮ ವೇದಿಕೆಯ ಕಡೆ ತಿರುಗಿ ನೋಡಿದಳು, ಈಶ್ವರ್ ಇನ್ನೂ ಅಲ್ಲೇ ಇದ್ದ. ಆ ಕಡೆ ದುರ್ಗಕ್ಕ ಹಲೋ, ಹಲೋ ಅನ್ನುತ್ತಿದ್ದಳು. "ಕಟ್ ಮಾಡಬ್ಯಾಡಕ್ಕಾ, ಹಿಡಕೊಂಡಿರು," ಎಂದು ಕರೆಮ್ಮ ಫೋನನ್ನು ಶೈಲಶ್ರೀಯ ಕೈಗೆ ಕೊಟ್ಟು, ವೇದಿಕೆಯ ಮೆಟ್ಟಿಲನ್ನು ಮತ್ತೆ ಹತ್ತಿದಳು.